ಅಳತೆ ತಪ್ಪಿದ ತಲೆ

ಸುಮಲತಳಿಗೆ ಬಂದ ಸಿಟ್ಟಿಗೆ ಆಸ್ಪತ್ರೆಯ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಅಲ್ಲ, ಹೆತ್ತ ತಾಯಿಗೆ ಇಷ್ಟೂ ಬುದ್ಧಿ ಬೇಡವೇ?

ತಾಯಿ ಚಿಕ್ಕಮುನಿಯಮ್ಮನ ಶ್ವಾಸಕೋಶದ ಕ್ಯಾನ್ಸರ್ ಮಿದುಳಿಗೆ ಹಬ್ಬಿತ್ತು. ಮಾತುಗಳು ಒಂದೊಂದಾಗಿ ಕೈತಪ್ಪುತ್ತಿದ್ದವು. ಚೊಂಬನ್ನು ಎದುರಿಗಿಟ್ಟರೂ ಅದರ ಹೆಸರು ಬಾಯಿಗೆ ಬರುತ್ತಿರಲಿಲ್ಲ. ರೇಡಿಯೇಷನ್ ಬೇಗ ಶುರುವಾದರೆ ಉಳಿದದ್ದಾದರೂ ಉಳಿದೀತು ಎಂದಿದ್ದರು ಬೆಂಗಳೂರಿನ ಡಾಕ್ಟರು. ತಲೆ ಅಲ್ಲಾಡದಂತೆ ಹಿಡಿಯಲು ಬಿಸಿ ಪ್ಲಾಸ್ಟಿಕ್ಕನ್ನು ಮುಖ, ತಲೆಯ ಮೇಲೆ ಒತ್ತಿ, ಅವಳದೇ ಅಳತೆಯ ಮುಖವಾಡವನ್ನೂ ಮಾಡಿಟ್ಟಿದ್ದರು.

ಇವತ್ತು ಮೊದಲ ದಿನ. ತಾಯಿ ಮಾರಿಕುಪ್ಪಂನಲ್ಲಿ ರೈಲು ಹತ್ತಿದ್ದಳು, ಮಗಳು ಬಂಗಾರಪೇಟೆಯಲ್ಲಿ. ತಾಯಿ ತಲೆತುಂಬ ಸೆರಗು ಹೊದ್ದಿದ್ದನ್ನು ನೋಡಿ ಚಳಿಯೇನೋ ಅಂದುಕೊಂಡಳು ಸುಮಲತ. ಮೆಷಿನ್ ಕೋಣೆಯಲ್ಲಿ ಸೆರಗು ಸರಿಸಿದರೆ, ಒಳಗೆ ಗಂಧ ಬಳಿದ ಬೋಳು ತಲೆ!

ನೆರೆಮನೆಯ ರಾಧಾಮಣಿಯನ್ನು ಕರೆದುಕೊಂಡು, ಬೇತಮಂಗಲದ ಬಸ್ಸು ಹಿಡಿದು, ಬಂಗಾರು ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದಿದ್ದಳು ಮಹಾತಾಯಿ. ಮೊದಲಿದ್ದ ದಪ್ಪ ಕೂದಲಿನ ಮೇಲೆ ಅಳತೆ ತೆಗೆದಿದ್ದ ಮುಖವಾಡ ಈಗ ತಲೆಗೆ ಲೊಡಲೊಡ.

"ಹಿಂಗೆ ಸಡಿಲ ಇದ್ರೆ ಆಗಲ್ಲ. ಹೊಸದು ಮಾಡಿ, ಮತ್ತೆ ಸ್ಕ್ಯಾನ್ ಮಾಡ್ಬೇಕು. ಮುಂದಿನ ವಾರ ಬನ್ನಿ" ಅಂದ ಟೆಕ್ನಿಷಿಯನ್.

"ಬೋಳಿಸ್ಬಾರ್ದು ಅಂತ ಒಂದು ಮಾತು ಹೇಳ್ಬಾರ್ದಾಗಿತ್ತಾ?"

"ಬೋಳಿಸ್ಕೊಂಡು ಬರ್ತಾರೆ ಅಂತ ನಮಗೇನು ಕನಸು ಬಿದ್ದಿತ್ತಾ ಮೇಡಂ?"

ದೇವರು ವರ ಕೊಟ್ಟರೂ ಪೂಜಾರಿ ಕೊಡ. ಎಷ್ಟು ಬೇಡಿಕೊಂಡರೂ ಅವತ್ತು ಕೆಲಸ ಆಗಲಿಲ್ಲ.

ವಾಪಸ್ ರೈಲಿನಲ್ಲಿ ಸುಮಲತ ಸುಮ್ಮನಿರಲಿಲ್ಲ. "ಒಂದು ವಾರ ಹಾಳಾಯ್ತು. ನಿಂಗೆ ಇದೆಲ್ಲ ಯಾರಮ್ಮ ಮಾಡು ಅಂದಿದ್ದು?"

"ಎಂಗೂ ಉದ್ರೋಗ್ತದೆ ಅಂದ್ರಲ್ಲ ಡಾಕ್ಟ್ರು" ಅಂದಳು ಚಿಕ್ಕಮುನಿಯಮ್ಮ, ತಡವರಿಸುತ್ತ. "ಆ... ತಲೆಗ್ ಇಡ್ತಾರಲ್ಲ, ಅದ್ರ ಪಾಲಾಗೋ ಬದ್ಲು ದೇವ್ರಿಗೇ ಓಗ್ಲಿ ಅಂದ್ಕೊಂಡೆ. ಉದ್ರಿದ್ಮೇಲೆ ಅವನಿಗೆ ಏನ್ ಕೊಡ್ಲಿ?"

"ಕೊಟ್ಟು ಏನು ಕೇಳ್ಕೊಂಡೆ? ವಾಸಿ ಮಾಡು ಅಂತಾನಾ?"

"ಅದೆಲ್ಲ ಆಗಾಕಿಲ್ಲ ಬಿಡು, ನಂಗೊತ್ತು. ಏನ್ ಮರೆತ್ರೂ ಮಗಳ ಎಸ್ರೊಂದು ಮರೀದಂಗೆ ಮಾಡಪ್ಪಾ ಅಂದೆ."

ಸುಮಲತ ತಾಯಿಯ ಕೈ ಹಿಡಿದು, ಹೆದರುತ್ತಲೇ ಕೇಳಿದಳು: "ಏನಮ್ಮಾ ನನ್ನ ಹೆಸರು?"

ಚಿಕ್ಕಮುನಿಯಮ್ಮ ಮಗಳ ಮುಖವನ್ನೇ ನೋಡಿದಳು. ತುಟಿ ಅಲ್ಲಾಡಿತು. "ನಿಂದು... ನಿಂದೇ ಕಣೇ" ಅಂದಳು.

ಬಂಗಾರಪೇಟೆ ಬಂದರೂ ಆ ಹೆಸರು ಬರಲಿಲ್ಲ. ಸುಮಲತ ಇಳಿಯಲಿಲ್ಲ, ತಾಯಿಯ ಜೊತೆ ಮಾರಿಕುಪ್ಪಂವರೆಗೂ ಹೋದಳು.