ಒರಿಜಿನಲ್ ಅಣ್ಣ ಮತ್ತು ಬದಲಿ ಟ್ರಾನ್ಸಿಸ್ಟರು

‘ಬದಲಿ’ ಎಂಬ ಮೂರಕ್ಷರ ಕಿವಿಗೆ ಬಿದ್ದೊಡನೆ ಒರಿಜಿನಲ್ ಅಣ್ಣ ಕನ್ನಡಕ ತೆಗೆದು ಮೇಜಿನ ಮೇಲೆ ಬೋರಲು ಇಡುತ್ತಿದ್ದರು. ಕನ್ನಡಕವಿಲ್ಲದೆ ಅವರಿಗೆ ಒಂದು ಮಾರು ದೂರದ ಮುಖವೂ ಮಸುಕು. ಆದ್ದರಿಂದ ಅದು ವಾದಕ್ಕಿಳಿಯುವ ಪೀಠಿಕೆಯಾಗಿರದೆ, ಎದುರಿಗೆ ನಿಂತವನನ್ನು ಲೋಕದಿಂದಲೇ ಅಳಿಸಿಹಾಕುವ ಕ್ರಮವಾಗಿತ್ತು. ಅಳಿಸಿಹೋದ ಗಿರಾಕಿ ಕೆಲಹೊತ್ತು ನಿಂತು, ಕೆಮ್ಮಿ, ಪಕ್ಕದ ಮೇಜಿನಲ್ಲಿ ಕೂತಿದ್ದ ಅವರ ಹೆಂಡತಿಯ ಮುಖ ನೋಡುತ್ತಿದ್ದ. ಆಕೆ ಬೆಸುಗೆ ಕಡ್ಡಿಯನ್ನು ಅದರ ಸ್ಟ್ಯಾಂಡಿಗೆ ಸಿಕ್ಕಿಸಿ, “ನಾಡಿದ್ದು ಬನ್ನಿ, ಅಷ್ಟರಲ್ಲಿ ಕನ್ನಡಕ ಹಾಕ್ಕೊಂಡಿರ್ತಾರೆ” ಎನ್ನುತ್ತಿದ್ದಳು.

ಕಾರುಗಳ ಸ್ಟೀರಿಯೊ, ಆಂಪ್ಲಿಫೈಯರು ದುರಸ್ತಿ ಮಾಡುವ ಆ ಅಂಗಡಿ ಟೈರು ಮಾರುವವನಿಗೂ ಬೀಗ ಮಾಡುವವನಿಗೂ ನಡುವೆ ಸಿಕ್ಕಿಕೊಂಡ ಒಂದು ಸಂದಿ. ಎರಡೂ ಪಕ್ಕ ಪೇರಿಸಿಟ್ಟ ಹಳೆಯ ಪೆಟ್ಟಿಗೆಗಳ ನಡುವೆ ವರ್ಷಗಟ್ಟಲೆ ಓಡಾಡಿದ ಅವರ ದೇಹ ಆ ಇಕ್ಕಟ್ಟಿಗೆ ಎಷ್ಟು ಒಗ್ಗಿತ್ತೆಂದರೆ, ವಿಶಾಲವಾದ ರಸ್ತೆಯಲ್ಲೂ ಅವರು ಒಂದು ಭುಜ ಮುಂದೆ ಮಾಡಿಕೊಂಡು ಅಡ್ಡಡ್ಡಲಾಗಿಯೇ ನಡೆಯುತ್ತಿದ್ದರು. ಮೈಮೇಲೆ ಸದಾ ಒಂದು ಕಂದುಬಣ್ಣದ ಕೋಟು. ಅದರ ನಡುವಿನ ಗುಂಡಿ ಯಾವ ಕಾಲದಲ್ಲೋ ಉದುರಿಹೋಗಿ, ಅಲ್ಲಿಂದ ಅಂಗಿಯ ಒಂದು ತುಣುಕು ಇಣುಕುತ್ತಿತ್ತು. ಹೆಂಡತಿ ಊರೆಲ್ಲ ಹುಡುಕಿ ಅದೇ ಬಣ್ಣದ, ಅದೇ ಗಾತ್ರದ, ಅಷ್ಟೇ ತೂತುಗಳ ಗುಂಡಿ ತಂದುಕೊಟ್ಟಾಗ ಅವರು ಅದನ್ನು ಬೆಳಕಿಗೆ ಹಿಡಿದು, ಉಳಿದ ಗುಂಡಿಗಳ ಪಕ್ಕದಲ್ಲಿಟ್ಟು, ಉಗುರಿನಿಂದ ಕೆರೆದು ನೋಡಿ, ನ್ಯಾಯಾಧೀಶರ ಗಾಂಭೀರ್ಯದಲ್ಲಿ ತೀರ್ಪು ಕೊಟ್ಟಿದ್ದರು:

“ಹತ್ತಿರ ಬಂತು. ಆದ್ರೆ ಅದಲ್ಲ.”

ಆ ಮಾತು ಆಕೆಗೆ ಬಾಯಿಪಾಠವಾಗಿತ್ತು. ನಲ್ಲಿಯ ವಾಷರು, ಕುಕ್ಕರಿನ ಹಿಡಿ, ಛತ್ರಿಯ ಕಡ್ಡಿ, ಎಲ್ಲವೂ ಹತ್ತಿರ ಬಂದು, ಅದಾಗದೆ ಹಿಂದಿರುಗಿದ್ದವು. ಒಮ್ಮೆ ಅವರ ಮುಂದಿನ ಹಲ್ಲೊಂದು ಬಿದ್ದುಹೋಗಿ, ದಂತವೈದ್ಯರು ಕಟ್ಟುಹಲ್ಲಿನ ಮಾದರಿಗಳನ್ನು ಮುಂದೆ ಹರಡಿದಾಗ, “ಇದ್ಯಾವುದೂ ನಂದಲ್ಲ” ಎಂದು ಕುರ್ಚಿಯಿಂದ ಎದ್ದೇಬಂದಿದ್ದರು, ವೈದ್ಯರು ಯಾರದೋ ಕಳೆದುಹೋದ ವಸ್ತುವನ್ನು ಇವರ ತಲೆಗೆ ಕಟ್ಟುತ್ತಿದ್ದಾರೇನೋ ಎಂಬಂತೆ. ಅಂದಿನಿಂದ ಆ ಕಿಂಡಿಯಲ್ಲಿ ‘ಸ’ಕಾರ ಸಿಳ್ಳೆಯಾಗಿ ಹೊರಡುತ್ತಿತ್ತು. ಟ್ರಾನ್ಸಿಸ್ಟರ್ ಎಂಬ ಒಂದೇ ಪದದಲ್ಲಿ ಎರಡು ಸಿಳ್ಳೆ. ದಿನಕ್ಕೆ ಅದೆಷ್ಟು ಬಾರಿ ಆ ಪದ ಬರುತ್ತಿತ್ತೋ, ಆಕೆಯ ತಾಳ್ಮೆಗೇ ಗೊತ್ತು.

ಒಂದು ಬೆಳಗ್ಗೆ ಟ್ಯಾಕ್ಸಿ ಓಡಿಸುವವನೊಬ್ಬ ಸುಟ್ಟ ಆಂಪ್ಲಿಫೈಯರನ್ನು ಟವೆಲಿನಲ್ಲಿ ಸುತ್ತಿ ತಂದ. ಅಂಗಡಿಯೆದುರು ನಿಂತ ಕಾರಿನ ಮುಂದಿನ ಸೀಟಿನಲ್ಲಿ ಅವನ ವೃದ್ಧ ತಂದೆ ಕೂತಿದ್ದರು. ಬಾಗಿಲ ಹಿಡಿಯನ್ನು ಬೆರಳಿನಿಂದ ತಡವುತ್ತ, ಬಿಡುತ್ತ, ಮತ್ತೆ ತಡವುತ್ತ.

“ಅಪ್ಪನಿಗೆ ಮರೆವು, ಅತ್ತಿಗೆ” ಎಂದ ಚಾಲಕ, ಕಣ್ಣನ್ನು ಕಾರಿನಿಂದ ಕದಲಿಸದೆ. “ಮನೇಲಿ ನೋಡ್ಕೊಳ್ಳೋರಿಲ್ಲ, ಜೊತೇಲೇ ಕರ್ಕೊಂಡು ಹೋಗ್ತೀನಿ. ಹಾಡು ಹಾಕಿ ಸೀಟಿನ ಕೆಳಗಿನ ದೊಡ್ಡ ಸ್ಪೀಕರು ಗುಂಯ್ ಅಂದ್ರೆ ಸಾಕು, ತೊಡೆ ಮೇಲೆ ತಾಳ ಹಾಕ್ತಾ ಕೂತಿರ್ತಾರೆ. ಅದು ನಿಂತ್ರೆ ‘ಇಳೀಬೇಕು, ಇಳೀಬೇಕು’ ಅಂತಾರೆ. ಗಾಡಿ ಓಡ್ತಿದ್ರೂ.”

ಆಕೆ ಅಂದೇ ಪೆಟ್ಟಿಗೆ ಬಿಚ್ಚಿದಳು. ಶಬ್ದವನ್ನು ಸ್ಪೀಕರಿಗೆ ನೂಕುವ ದೊಡ್ಡ ಟ್ರಾನ್ಸಿಸ್ಟರುಗಳು ಜೋಡಿಜೋಡಿಯಾಗಿ ದುಡಿಯುವಂಥವು, ಒಂದು ತಳ್ಳಿದರೆ ಇನ್ನೊಂದು ಎಳೆಯಬೇಕು. ಅವುಗಳಲ್ಲಿ ಒಂದು ಜೋಡಿ ಸುಟ್ಟು ಕರಕಲಾಗಿತ್ತು. ಉಳಿದದ್ದೆಲ್ಲ ಸರಿಯಿತ್ತು. ಬೇರೆ ಯಾರಾದರೂ ಆಗಿದ್ದರೆ ಸಂಜೆಯೊಳಗೆ ಮುಗಿಯುವ ಕೆಲಸ. ಒರಿಜಿನಲ್ ಅಣ್ಣ ಮಾತ್ರ ಸುಟ್ಟದ್ದರ ಮೈಮೇಲಿನ ನಂಬರನ್ನು ಭೂತಗನ್ನಡಿಯಲ್ಲಿ ಓದಿ, ಹಳೆಯ ಗೆಳೆಯನ ಹೆಸರು ಕೇಳಿದವರಂತೆ ನಸುನಕ್ಕರು. ಆ ನಂಬರಿನ ಮಾಲು ತಯಾರಾಗುವುದು ನಿಂತು ಎಷ್ಟೋ ಕಾಲವಾಗಿತ್ತು. ಅದರ ಕೆಲಸವನ್ನೇ ಮಾಡುವ ಹೊಸ ನಮೂನೆಯವು ಅವರ ಸ್ವಂತ ಡ್ರಾಯರಿನಲ್ಲೇ, ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿ ಬಿದ್ದಿದ್ದವು.

“ಇದನ್ನೇ ಹಾಕ್ಬಾರ್ದಾ ರೀ?” ಎಂದಳು ಹೆಂಡತಿ. ಬದಲಿ ಎಂಬ ಪದವನ್ನು ಆಕೆ ಉಚ್ಚರಿಸಿರಲಿಲ್ಲ. ಆದರೂ ಕನ್ನಡಕ ಮೇಜಿಗಿಳಿಯಿತು.

ಅಲ್ಲಿಂದ ಶುರುವಾಯಿತು ಅವರ ತೀರ್ಥಯಾತ್ರೆ. ಬಸ್ಸು ಹತ್ತಿ ಬಿಡಿಭಾಗಗಳ ಮಾರುಕಟ್ಟೆಗೆ ಹೋಗುವುದು, ಓಣಿಯಿಂದ ಓಣಿಗೆ ಅಡ್ಡಡ್ಡಲಾಗಿ ಅಲೆಯುವುದು, ಬರಿಗೈಯಲ್ಲಿ ಮರಳುವುದು, ಮರುದಿನ ಮತ್ತೆ ಹೊರಡುವುದು. ಅಂಗಡಿಯಲ್ಲಿ ಬೇರೆ ಕೆಲಸಗಳು ಗುಡ್ಡೆಯಾಗುತ್ತಿದ್ದವು. ಟ್ಯಾಕ್ಸಿಯವನು ದಾರಿಯಲ್ಲಿ ಹೋಗುವಾಗೆಲ್ಲ ಹಾರನ್ ಮಾಡಿ ಕತ್ತು ಚಾಚುತ್ತಿದ್ದ. ಆಕೆ ಕೈಯಾಡಿಸಿ ಇಲ್ಲವೆನ್ನುತ್ತಿದ್ದಳು. ತನ್ನ ತಪ್ಪಿಲ್ಲದೆಯೂ ತಾನೇ ತಲೆತಗ್ಗಿಸಬೇಕಾಗಿ ಬರುವುದು ಆಕೆಯ ದಾಂಪತ್ಯದ ಹಳೆಯ ವಾಡಿಕೆ. ಆದರೆ ಈ ಸಲ ಕಾರಿನ ಬಾಗಿಲ ಹಿಡಿಯ ಮೇಲೆ ಆಡುವ ಆ ಮುದಿ ಬೆರಳುಗಳು ಆಕೆಯ ಕಣ್ಣಿಗೆ ಕಟ್ಟಿದ್ದವು. ಅಡುಗೆ ಮಾಡುವಾಗ ಪಾತ್ರೆಗಳು ಎಂದಿಗಿಂತ ಜೋರಾಗಿ ಸದ್ದು ಮಾಡಿದವು. ಅಣ್ಣನಿಗೆ ಅದೂ ಕೇಳಲಿಲ್ಲ.

ಕೊನೆಗೊಂದು ದಿನ ಅವರು ಗೆದ್ದ ಸರದಾರನಂತೆ ಬಂದು, ಕೋಟಿನ ಒಳಜೇಬಿನಿಂದ ಪೊಟ್ಟಣ ತೆಗೆದರು. ಅದೇ ನಂಬರು. ಆಕೆ ಅಭ್ಯಾಸಬಲದಿಂದ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸಿದಳು. ನಂಬರಿನ ಅಕ್ಷರಗಳು ಹತ್ತಿಗೆ ಅಂಟಿಕೊಂಡು ಬಂದವು.

“ನೋಡಿ ಇಲ್ಲಿ. ಅಕ್ಷರ ಕೈಗೆ ಬರ್ತಿದೆ. ಯಾರೋ ಬೇರೆ ಮಾಲಿನ ಮೇಲೆ ನಂಬರು ಹೊಡೆದಿದಾರೆ.”

“ಹಳೇ ಸ್ಟಾಕು. ಹಳೇ ಶಾಯಿ.” ಸಕಾರವೂ ಶಕಾರವೂ ಸಿಳ್ಳೆ ಹೊಡೆದವು.

“ತೂಕ ನೋಡಿ ಆದ್ರೂ! ಹಕ್ಕಿ ಪುಕ್ಕದ ಹಾಗಿದೆ.”

“ನಂಬರು ಅದೇ ತಾನೆ?”

ಲೋಕದ ಸಕಲ ವಸ್ತುಗಳನ್ನು ಕೆರೆದು, ಹಿಸುಕಿ, ಅನುಮಾನಿಸುವ ಮನುಷ್ಯ ಒಂದು ಸುಳ್ಳು ನಂಬರಿನ ಮುಂದೆ ಮಗುವಿನಂತೆ ಕೈಮುಗಿದು ನಿಂತಿದ್ದನ್ನು ಕಂಡು, ಆಕೆ ಬೆಸುಗೆ ಕಡ್ಡಿಯನ್ನು ಅವರ ಕಡೆಗೇ ತಳ್ಳಿದಳು. ಅಂದು ಬೆಸುಗೆ ಅವರೇ ಹಾಕಿಕೊಂಡರು. ಮೇಜಿನ ಮೇಲೆ, ತಗ್ಗಿದ ಧ್ವನಿಯಲ್ಲಿ, ಪೆಟ್ಟಿಗೆ ಸೊಗಸಾಗಿಯೇ ಹಾಡಿತು. ಟ್ಯಾಕ್ಸಿಯವನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋದ.

ಮರುದಿನ ಅವನು ಬಂದಾಗ ಪೆಟ್ಟಿಗೆ ಮತ್ತೆ ಟವೆಲಿನೊಳಗಿತ್ತು. ಜೊತೆಗೆ ನಡೆದುಬಂದ ತಂದೆಯ ಅಂಗೈಗೆ ಬಟ್ಟೆ ಸುತ್ತಿತ್ತು. ವೃತ್ತದ ಹತ್ತಿರ ಧ್ವನಿ ಏರಿಸಿದ್ದೇ ತಡ ಸುಟ್ಟ ವಾಸನೆ ಬಂದು ಹಾಡು ನಿಂತಿತಂತೆ. ಇವನು ಗಾಡಿ ಪಕ್ಕಕ್ಕೆ ತರುವಷ್ಟರಲ್ಲಿ ಮುದುಕರು ಬಾಗಿಲು ತೆರೆದು ರಸ್ತೆಗೆ ಕಾಲಿಟ್ಟಿದ್ದರು. ಹಿಂದಿನ ಬಸ್ಸಿನವನು ಬ್ರೇಕು ಹಾಕಿದ್ದರಿಂದ ಕೈ ತರಚಿದ್ದಕ್ಕೇ ಮುಗಿದಿತ್ತು.

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತೆಂದು ಆಕೆಗೆ ಅನ್ನಿಸಿತು. “ಅಣ್ಣಾ, ಯಾವುದಾದ್ರೂ ಹಾಕಿ” ಎಂದನಷ್ಟೆ. “ಅಪ್ಪನಿಗೆ ಟ್ರಾನ್ಸಿಸ್ಟರಿನ ನಂಬರು ಓದೋಕೆ ಬರಲ್ಲ.”

ಒರಿಜಿನಲ್ ಅಣ್ಣ ಸುಟ್ಟ ಹೊಸ ಜೋಡಿಯನ್ನು ಕಿತ್ತು, ಇಕ್ಕಳದಲ್ಲಿ ಹಿಡಿದು ಒಡೆದರು. ಹೆಬ್ಬೆಟ್ಟಿನ ಉಗುರಿನಗಲ ಮೈಯೊಳಗೆ ಎಳ್ಳಿನಷ್ಟು ಸಿಲಿಕಾನಿನ ಚೂರು ಮಾತ್ರ ಕೂತಿತ್ತು. ಅಷ್ಟು ಚಿಕ್ಕದರ ಮೇಲೆ ಅಷ್ಟು ಭಾರ ಹೊರಿಸಲು ತಾವು ಹೊರಟಿದ್ದರು. ಅವರು ಕನ್ನಡಕ ತೆಗೆಯಲಿಲ್ಲ. ಚೂರನ್ನು ನೋಡಿದರು, ಆಮೇಲೆ ಅಂಗೈಯ ಬಟ್ಟೆಯನ್ನು ನೋಡಿದರು. ಹೆಂಡತಿಯ ನಾಲಗೆಯ ತುದಿಯಲ್ಲಿ ವರ್ಷಗಳಿಂದ ಕೂಡಿಟ್ಟ ಮಾತುಗಳೆಲ್ಲ ಸಾಲುಗಟ್ಟಿ ನಿಂತಿದ್ದವು. ಅವರ ಕಿವಿಗಳು ಕೆಂಪಾದುದನ್ನು ಕಂಡು ಆಕೆ ಅವನ್ನು ಹಾಗೇ ನುಂಗಿದಳು.

“ಡ್ರಾಯರಿನಲ್ಲಿ ಇದೆಯಲ್ಲ, ಕೊಡೇ” ಎಂದರು ಅವರು.

ಅಬ್ಬಾ, ಮುಗಿಯಿತಲ್ಲ ಎಂದು ಆಕೆ ಉಸಿರು ಬಿಟ್ಟಿದ್ದಳು. ಬಿಟ್ಟ ಉಸಿರನ್ನು ಹಿಂದಕ್ಕೆ ಎಳೆದುಕೊಳ್ಳಬೇಕಾಯಿತು. ಏಕೆಂದರೆ ಒರಿಜಿನಲ್ಲಿಗಾಗಿ ಅವರು ಅಲೆದದ್ದಾದರೂ ಬೀದಿಯಲ್ಲಿ, ಬದಲಿಯನ್ನು ಆರಿಸುವ ಅಲೆದಾಟ ಆಕೆಯ ಮೇಜಿನ ಮೇಲೆಯೇ ನಡೆಯಿತು. ಮೊದಲ ನಮೂನೆ ವೋಲ್ಟೇಜು ತಾಳುತ್ತದೆ, ಬಿಸಿ ತಾಳುವುದಿಲ್ಲ. ಎರಡನೆಯದು ಬಿಸಿ ತಾಳುತ್ತದೆ, ಆದರೆ ಬೆಸುಗೆ ಹಾಕುವ ಅದರ ಕಾಲುಗಳ ಅನುಕ್ರಮ ತಿರುವುಮುರುವು. ಇನ್ನೊಂದು ಎಲ್ಲದರಲ್ಲೂ ಒಂದು ಕೈ ಮೇಲು.

“ಇದು ಬೇಡ, ತುಂಬಾ ಚುರುಕು.”

“ಚುರುಕಾದ್ರೆ ಒಳ್ಳೇದಲ್ವಾ ರೀ?”

“ಹಳೇ ಸರ್ಕ್ಯೂಟು ಇದು, ಇಷ್ಟು ಚುರುಕಿನವನು ಬಂದ್ರೆ ತಾನೇ ಊಳಿಡೋಕೆ ಶುರು ಮಾಡತ್ತೆ. ಸೊಸೆ ಚುರುಕಿದ್ರೆ ಅತ್ತೆ ಸುಮ್ನಿರ್ತಾಳಾ?”

ಕಡೆಗೊಂದು ಬಗೆ ಆಯ್ಕೆಯಾಯಿತು. ಅದರಲ್ಲೂ ಡ್ರಾಯರಿನಲ್ಲಿದ್ದಷ್ಟನ್ನೂ ಮೀಟರಿಗೆ ಹಿಡಿದು, ಒಂದೇ ಶಕ್ತಿಯ ಜೋಡಿಗಳನ್ನು ಹುಡುಕಿದರು. ಸುಡದೆ ಉಳಿದಿದ್ದ ಹಳೆಯ ಜೋಡಿಗಳನ್ನೂ, ಇನ್ನೂ ಜೀವಂತವಿದ್ದ ಒರಿಜಿನಲ್ಲುಗಳನ್ನು, ತಾವೇ ಕಿತ್ತು ಬದಿಗಿಟ್ಟರು; ಹೊಸಬರ ಜೊತೆ ಹಳಬರನ್ನು ಕಟ್ಟಿದರೆ ಭಾರವೆಲ್ಲ ಒಬ್ಬರ ಮೇಲೆಯೇ ಬೀಳುತ್ತದೆಂದು. ವಿದ್ಯುತ್ತು ಪೆಟ್ಟಿಗೆಯ ಮೈಗೆ ಹರಿಯದಂತೆ ಅಡಿಗಿಡುವ ಅಭ್ರಕದ ಹಾಳೆಗಳನ್ನು ಹೊಸದಾಗಿ ಕತ್ತರಿಸಿದರು. ಪೆಟ್ಟಿಗೆಗೆ ನೇರವಾಗಿ ವಿದ್ಯುತ್ತು ಕೊಡದೆ, ದಾರಿಯಲ್ಲೊಂದು ಹೆಡ್‌ಲೈಟಿನ ಬಲ್ಬು ಕೂರಿಸಿದರು. ತಪ್ಪೇನಾದರೂ ಇದ್ದರೆ ಬಲ್ಬು ಧಗ್ಗನೆ ಉರಿಯುತ್ತದೆ, ಹೊಸ ಜೋಡಿ ಉಳಿಯುತ್ತದೆ. ಬಲ್ಬು ಒಮ್ಮೆ ಕೆಂಪಗೆ ಕಣ್ಣುಬಿಟ್ಟು ನಂದಿತು; ತಪ್ಪಿರಲಿಲ್ಲ. ಆಮೇಲೆ ಬಲ್ಬು ತೆಗೆದು ಪೂರ್ಣ ಧ್ವನಿಯಲ್ಲಿ ಹಾಡಿಸಿದರು, ಪಕ್ಕದ ಬೀಗದವನು ಬಂದು ಬೈಯುವವರೆಗೆ; ಅವನು ಬೈದು ಹೋದಮೇಲೂ ಹಾಡಿಸಿದರು. ಆಕೆ ಕಿವಿಗೆ ಹತ್ತಿ ತುರುಕಿಕೊಂಡಳು.

ಪೆಟ್ಟಿಗೆಯನ್ನು ಕಾರಿಗೆ ಜೋಡಿಸಲು ಅವರೇ ಬೀದಿಗಿಳಿದರು. ಮುಂದಿನ ಸೀಟಿನ ಕೆಳಗೆ ತಲೆ ತೂರಿಸಿ ತಂತಿ ಬಿಗಿದು, ಹಾಡು ಹಚ್ಚಿ, ಬೆನ್ನು ನೆಟ್ಟಗೆ ಮಾಡಿದಾಗ ಸೀಟಿನಲ್ಲಿದ್ದ ಮುದುಕರು ಅವರನ್ನೇ ದಿಟ್ಟಿಸುತ್ತಿದ್ದರು. ಗುಂಯ್ ಎಂಬ ನಾದ ಏರಿತು. ತರಚಿದ ಅಂಗೈ ತೊಡೆಯ ಮೇಲೆ ತಾಳ ಹಾಕಿತು. ಮುಖ ತಿಳಿಯಾಯಿತು.

“ತಮ್ಮಾ! ಯಾವಾಗ ಬಂದ್ಯೋ?”

“ನಾನು ಅವರಲ್ಲ” ಎಂದರು ಒರಿಜಿನಲ್ ಅಣ್ಣ, ಜನ್ಮಕ್ಕಂಟಿದ ಸತ್ಯನಿಷ್ಠೆಯಿಂದ. ಮುದುಕರ ಕೈ ತಾಳ ನಿಲ್ಲಿಸಿ ಬಾಗಿಲ ಹಿಡಿಯ ಕಡೆಗೆ ಹೊರಳಿತು. ಚಾಲಕ ತಂದೆಯ ಬೆನ್ನ ಹಿಂದಿನಿಂದ ಬೇಡುವವನಂತೆ ನೋಡುತ್ತಿದ್ದ. ಅಂಗಡಿಯ ಹೊಸ್ತಿಲಲ್ಲಿ ನಿಂತಿದ್ದ ಹೆಂಡತಿ ಹಣೆ ಚಚ್ಚಿಕೊಂಡಳು. ಹೂಂ ಅಂದರೆ ಗಂಟೇನು ಹೋಗುತ್ತಿತ್ತು ಈ ಮನುಷ್ಯನಿಗೆ!

ಅಣ್ಣ ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. ಚಾಲಕನನ್ನು ಕಾರಿನ ಹಿಂಬದಿಗೆ ಕರೆದೊಯ್ದು ಮೆಲ್ಲಗೆ ವಿಚಾರಿಸತೊಡಗಿದರು. ನಿಮ್ಮ ಚಿಕ್ಕಪ್ಪ ಇವರನ್ನು ಏನಂತ ಕರೀತಿದ್ರು? ಅಣ್ಣ ಅಂತಲೋ, ಅಣ್ಣಯ್ಯ ಅಂತಲೋ? ಹೋಗಿ ಬನ್ನಿ ಅಂತ ಮಾತಾಡ್ತಿದ್ರಾ, ಏಕವಚನವಾ? ಜೋರು ದನಿಯಾ? ಬಂದ್ರೆ ಎಲ್ಲಿ ಕೂರ್ತಿದ್ರು? ಚಾಲಕ ತಬ್ಬಿಬ್ಬಾಗಿ ನೆನಪಿದ್ದಷ್ಟನ್ನು ಹೇಳುತ್ತ ಹೋದ. ತೀರಿಕೊಂಡು ಬಹಳ ಕಾಲವಾಗಿದ್ದ ಆ ಚಿಕ್ಕಪ್ಪ ಸಕ್ಕರೆಯಿಲ್ಲದ ಚಹಾ ಕುಡಿಯುತ್ತಿದ್ದರೆಂಬುದೂ, ಮಾತಿನ ನಡುವೆ ಈ ಮುದುಕರ ಮಂಡಿಯ ಮೇಲೆ ತಟ್ಟುತ್ತಿದ್ದರೆಂಬುದೂ ಹೊರಬಿತ್ತು. ಇಷ್ಟೆಲ್ಲ ಖಚಿತವಾದ ಮೇಲೆಯೇ ಅವರು ಅಡ್ಡಡ್ಡಲಾಗಿ ನಡೆದುಬಂದು, ಚಾಲಕನ ಸೀಟಿನಲ್ಲಿ ಕೂತು, ಮುದುಕರ ಮಂಡಿ ತಟ್ಟಿದರು.

“ಈಗ ತಾನೆ ಬಂದೆ ಅಣ್ಣಯ್ಯ. ನೀನು ಊಟ ಮಾಡಿದ್ಯಾ?”

ಆಮೇಲೆ ಆ ಟ್ಯಾಕ್ಸಿ ಆ ಬೀದಿಯಲ್ಲಿ ಹಾದಾಗೆಲ್ಲ ನಿಲ್ಲತೊಡಗಿತು. ಅಣ್ಣ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದುಹೋಗುತ್ತಾರೆ. ಸಿಹಿಯಿಲ್ಲದ ಚಹಾವನ್ನು ಮುಖ ಹಿಂಡಿಕೊಂಡು ಕುಡಿಯುತ್ತಾರೆ. ತಾವು ನೋಡದ ತೋಟದ, ತಾವು ಬೀಳದ ಬಾವಿಯ ನೆನಪುಗಳಿಗೆ ಹೂಂಗುಟ್ಟುತ್ತಾರೆ. ಗಿರಾಕಿಗಳು ಕಾಯುತ್ತಾರೆ, ಊಟ ಆರುತ್ತದೆ, ಹೆಂಡತಿ ಹೊಸ್ತಿಲಿಂದ ಕರೆದು ಕರೆದು ಸೋಲುತ್ತಾಳೆ. ಒಳಗೆ ಬಂದು ಅವರು ಹೇಳುವ ಮಾತು ಒಂದೇ: “ಆ ಬಾವಿ ಮನೆ ಹಿಂದಿತ್ತೋ, ಪಕ್ಕದಲ್ಲಿತ್ತೋ, ಹುಡುಗನ್ನ ಕೇಳ್ಬೇಕು. ಇವತ್ತು ತಪ್ಪು ಹೇಳ್ಬಿಟ್ಟೆ.”

ಇಂಥವರ ಜೊತೆ ಬಾಳುವುದು ಯಾರ ಮಟ್ಟಿಗೂ ಸುಲಭವಲ್ಲ. ನಮ್ಮೆಲ್ಲರ ಮನೆ, ಕಚೇರಿ, ಕೆಲವೊಮ್ಮೆ ಪ್ರೀತಿಯೂ ‘ನಡೆಯುತ್ತೆ ಬಿಡಿ’ ಎಂಬ ಒಂದು ಮಾತಿನ ಆಸರೆಯಲ್ಲಿ ನಿಂತಿರುವಾಗ, ಆ ಮಾತನ್ನು ನಾಲಗೆಗೆ ತರಲಾಗದ ಈ ಬಗೆಯವರು ನಮ್ಮ ದಿನಗಳನ್ನು ತಡೆದು ನಿಲ್ಲಿಸುತ್ತಾರೆ, ಕಾಯಿಸುತ್ತಾರೆ, ರೇಗಿಸುತ್ತಾರೆ, ಒಮ್ಮೊಮ್ಮೆ ಸರಿ ಎಂದುಕೊಂಡೇ ಘೋರವಾಗಿ ತಪ್ಪುತ್ತಾರೆ. ಆದರೂ ಇಲ್ಲವಾದುದರ ಜಾಗವನ್ನು ಇನ್ನೊಂದರಿಂದ ತುಂಬಲೇಬೇಕಾದ ಗಳಿಗೆ ಪ್ರತಿ ಬಾಳಿನಲ್ಲೂ ಬರುತ್ತದೆ. ಆಗ ನಾವು ಕೈಗೆ ಸಿಕ್ಕಿದ್ದನ್ನು ತುರುಕಿ ಮುಂದೆ ಸಾಗುತ್ತೇವೆ. ಹೋದದ್ದು ಎಷ್ಟು ಭಾರ ಹೊತ್ತಿತ್ತು, ಎಷ್ಟು ಬಿಸಿ ತಾಳಿತ್ತು, ಯಾರ ಪಕ್ಕದಲ್ಲಿ ನಿಂತು ದುಡಿದಿತ್ತು ಎಂದು ಕೇಳಿಕೊಂಡು ಬಂದು, ಅಷ್ಟನ್ನೂ ಹೊರಲು ಸಿದ್ಧವಾಗಿಯೇ ಆ ಜಾಗದಲ್ಲಿ ಕೂರುವವರು ಇಂಥ ಹಟಮಾರಿಗಳು ಮಾತ್ರ. ಅವರು ಕೂತ ಮೇಲೆ ಬಾಗಿಲ ಹಿಡಿಯ ಮೇಲಿನ ಕೈ ತಾನಾಗಿ ಸಡಿಲುತ್ತದೆ. ಅದಕ್ಕಾಗಿ ಅವರ ಹೆಂಡಂದಿರು ಎಷ್ಟು ಸಲ ಊಟ ಬಿಸಿ ಮಾಡಬೇಕಾಯಿತು ಎಂಬುದನ್ನು ಮಾತ್ರ ಲೋಕ ಕೇಳುವುದಿಲ್ಲ.