ಮಳೆ ಬಾರದಿರಲೆಂದು

“ಅಶ್ಲಿನ್ ಇರುವಲ್ಲಿ ಮಳೆ ಬಾರದಿರಲಿ,” ಎಂದು ಬೀಟ್ರಿಸ್ ಗಟ್ಟಿಯಾಗಿ ಹೇಳಿ ಶಿಲುಬೆಯ ಗುರುತು ಮಾಡಿಕೊಂಡಾಗ, ಪಕ್ಕದಲ್ಲಿ ಮೊಣಕಾಲೂರಿದ್ದ ಗಂಡ ಎಲಿಯಾಸ್‌ಗೆ ನಗು ತಡೆಯಲಾಗಲಿಲ್ಲ.

“ಎಂಥ ಮಾರಾಯ್ತಿ, ಊರಲ್ಲಿ, ನಮ್ಮ ಬೆಳ್ಮಣ್ಣಿನಲ್ಲಿ ಮಳೆ ತಡವಾದ್ರೆ ನಿನ್ನ ಅಪ್ಪ ಇಗರ್ಜಿಯಲ್ಲಿ ಪೂಜೆ ಹೇಳಿಸ್ತಿದ್ರು. ನೀನು ಇಲ್ಲಿ ಕೂತು ಬೇಡ ಅಂತ ಹೇಳುವುದಾ?”

“ನನ್ನ ಮಗಳು ಅಲ್ಲಿದ್ದಾಳೆ. ನೀವು ಸುಮ್ಮನೆ ಶುರು ಮಾಡಿ.”

ವಿಲಾಯತಿಯ ಸಟನ್ ಊರಿನ ಆ ಮನೆಯಲ್ಲಿ ಸಂಜೆ ಜಪಸರಕ್ಕೆ ಕೂರುವ ಮೊದಲು ಅಂದಿನ ಬೇಡಿಕೆಯನ್ನು ಬಾಯಿಬಿಟ್ಟು ಹೇಳುವುದು ರೂಢಿ. ಯಾರದೋ ಆಪರೇಷನ್, ಯಾರದೋ ವೀಸಾ. ಮಾರ್ಚಿನಿಂದ ಮಾತ್ರ ಬೇಡಿಕೆ ಒಂದೇ. ಮಣ್ಣಿನ ತೇವಕ್ಕೂ ಸುಂಟರಗಾಳಿಗೂ ಇರುವ ನಂಟನ್ನು ಅಳೆಯಲು ಅಶ್ಲಿನ್ ಅಮೆರಿಕದ ಒಕ್ಲಹೋಮಾಕ್ಕೆ ಹೋಗಿದ್ದಳು, ಅದೂ ಸುಂಟರಗಾಳಿ ಏಳುವ ವಸಂತದಲ್ಲೇ. ಹೊರಡುವ ಮುನ್ನ ಅಮ್ಮನ ಗೋಳು ತಾಳಲಾರದೆ ವಿವರಿಸಿದ್ದಳು: “ಮಮ್ಮಿ, ಅಲ್ಲಿ ಚಳಿಗಾಲ ಪೂರ್ತಿ ಮಳೆ ಇಲ್ಲ. ಮಣ್ಣು ಡ್ರೈ ಆದ್ರೆ ಗಾಳಿಗೆ ತೇವ ಸಿಗುವುದಿಲ್ಲ, ದೊಡ್ಡ ಮೋಡ ಕಟ್ಟುವುದು ಕಷ್ಟ. ಸೋ ಈ ಸಲ ಟೊರ್ನಾಡೋ ಕಡಿಮೆ ಇರಬಹುದು. ಬಟ್ ಗ್ಯಾರಂಟಿ ಅಲ್ಲ, ಓಕೆ?”

ಕೊನೆಯ ಮಾತು ಬೀಟ್ರಿಸ್ ಕಿವಿಗೆ ಬೀಳಲೇ ಇಲ್ಲ. ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದವಳು ಕೋಟು ಕಳಚುವ ಮೊದಲೇ ಫೋನಿನಲ್ಲಿ ಒಕ್ಲಹೋಮಾದ ಹವಾಮಾನ ನೋಡುವಳು. ಬಿಸಿಲಿನ ಚಿತ್ರ ಕಂಡರೆ ಜೀವ ತಣ್ಣಗಾಗುವುದು.

ಅಂದು ಎಲಿಯಾಸ್ ಶುರು ಮಾಡುವಷ್ಟರಲ್ಲಿ ಮಗಳ ವಿಡಿಯೋ ಕಾಲ್ ಬಂತು. ಅಲ್ಲಿನ್ನೂ ಮಧ್ಯಾಹ್ನ. ಅಶ್ಲಿನ್ ಪಕ್ಕದಲ್ಲಿ ಲೊರೇನ್ ಕೂತಿದ್ದರು. ಅವಳಿಗೆ ಕೋಣೆ ಬಾಡಿಗೆಗೆ ಕೊಟ್ಟ ಮುದುಕಿ. ಹೋದ ತಿಂಗಳು ಜ್ವರ ಬಂದಾಗ ಸೂಪು ಕುಡಿಸಿ ಮಗಳನ್ನು ನೋಡಿಕೊಂಡವರು ಅವರೇ.

“ಮಮ್ಮಿ, ಲೊರೇನ್‌ಗೆ ನಿಮ್ಮ ಹತ್ರ ಏನೋ ಕೇಳ್ಲಿಕ್ಕೆ ಉಂಟಂತೆ.”

ಲೊರೇನ್ ಸಂಕೋಚದಿಂದ ಇಂಗ್ಲಿಷಿನಲ್ಲಿ ಹೇಳಿದರು. ದನ ನೀರು ಕುಡಿಯುವ ಹೊಂಡ ಬತ್ತಿದೆ. ಹುಲ್ಲು ಚಿಗುರಲೇ ಇಲ್ಲ. ತೀರಿಕೊಂಡ ಗಂಡ ಸಾಕಿದ ಹಸುಗಳಲ್ಲಿ ಉಳಿದವನ್ನೂ ಇನ್ನು ಮಾರಿ ಲಾರಿ ಹತ್ತಿಸಬೇಕು. “ನೀವು ದಿನಾ ಪ್ರಾರ್ಥಿಸುತ್ತೀರಂತೆ. ನಮಗೆ ಮಳೆ ಬರಲಿ ಎಂದು ಒಂದು ಮಾತು ಸೇರಿಸುತ್ತೀರಾ?”

ಬೀಟ್ರಿಸ್ ಹೇಗೋ ಹೂಂ ಎಂದಳು. ಇಷ್ಟು ದಿನ ಆ ಹಸುಗಳ ಯೋಚನೆಯೇ ಅವಳಿಗೆ ಬಂದಿರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಫೋನ್ ಇಟ್ಟು, “ಇವತ್ತಿನದ್ದು ಹೇಳಿ ಆಯ್ತಲ್ಲ. ನಾಳೆ ನೋಡುವ,” ಎಂದಳು.

“ನಿನ್ನಿಷ್ಟ. ಆದ್ರೆ ಹೂಂ ಹೇಳಿದ್ದು ನೀನು.” ಎಲಿಯಾಸ್ ಈಗ ನಗುತ್ತಿರಲಿಲ್ಲ.

“ಮಳೆ ಬಂದು ಅವಳಿಗೆ ಏನಾದ್ರೂ ಆದ್ರೆ?”

“ನನಗೂ ಹೆದರಿಕೆ ಉಂಟು, ಬೀಟ್ರಿಸ್.”

ಅವಳು ತುಸು ಹೊತ್ತು ಜಪಸರವನ್ನು ಅಂಗೈಯಲ್ಲಿ ಸುತ್ತಿ ಬಿಚ್ಚಿ ಮಾಡಿದಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, “ಲೊರೇನ್ ಅವರ ಊರಲ್ಲಿ ಮಳೆ ಬರಲಿ,” ಎಂದಳು. ಅಂಗಡಿಯವನು ಪೊಟ್ಟಣ ಕಟ್ಟಿಬಿಡುವ ಮೊದಲು ಹೇಳಬೇಕೆನ್ನುವ ಹಾಗೆ ಅವಸರದಲ್ಲಿ ಸೇರಿಸಿದಳು: “ಮೆಲ್ಲ ಬರಲಿ. ಗಾಳಿ ಬೇಡ. ಮಳೆ ಮಾತ್ರ.”

ಎಲಿಯಾಸ್ ಶುರು ಮಾಡಿದ. ಪ್ರತಿ ಮಣಿಗೂ ಪ್ರಾರ್ಥನೆಯ ಮೊದಲರ್ಧ ಅವನದು, ಉಳಿದರ್ಧ ಅವಳದು. ತನ್ನ ಅರ್ಧ ಹೇಳಿ ಅವಳ ಪಾಲಿಗೆ ಕಾದ. ಅವಳಿನ್ನೂ “ಗಾಳಿ ಬೇಡ” ಎಂದೇ ಪಿಸುಗುಡುತ್ತಿದ್ದಳು. ಉಳಿದರ್ಧವನ್ನೂ ತಾನೇ ಹೇಳಿ, ಮುಂದಿನ ಮಣಿಗೆ ಬೆರಳು ಸರಿಸಿದ.