ಉಬುಂಟು ಹೋಗಿ ಡೆಬಿಯನ್ ಬಂದದ್ದು

ನಮ್ಮಣ್ಣನ ಮಗ ಅಮರ್ ಎಂಜಿನಿಯರಿಂಗ್ ಓದುತ್ತಾನೆ. ಓದುವುದಕ್ಕಿಂತ ಬುದ್ಧಿ ಹೇಳುವುದೇ ಹೆಚ್ಚು. ನನ್ನ ಹಳೆಯ ಲ್ಯಾಪ್‌ಟಾಪ್ ತನ್ನನ್ನು ನಡೆಸುವ ಉಬುಂಟು ಎಂಬ ಸಾಫ್ಟ್‌ವೇರಿನ ಭಾರ ಹೊರಲಾರದೆ ಏದುಸಿರು ಬಿಡುತ್ತಿದೆ, ಅದನ್ನು ತೆಗೆದು ಇನ್ನೂ ಹಗುರವಾದ ಡೆಬಿಯನ್ ಹಾಕಿಕೊಳ್ಳುತ್ತೇನೆ ಎಂದಾಗ ಫೋನಿನಲ್ಲೇ ನಕ್ಕ.

"ಅತ್ತೆ, ಅದೆಲ್ಲ ನಿಮ್ ಕೈಲಾಗಲ್ಲ, ಬುಡಿ."

ಮಂಡಿ ಮೊಹಲ್ಲಾದ ಪ್ರೆಸ್ಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಲಗ್ನಪತ್ರಿಕೆ ಟೈಪ್ ಮಾಡುತ್ತಿರುವವಳು ನಾನು. ಕೀಬೋರ್ಡ್ ನೋಡದೆ ಕನ್ನಡ ಹೊಡೆಯುತ್ತೇನೆ. ಈ ಪದ್ಮಾವತಿಯ ಕೈಲಾಗಲ್ಲ ಅಂದರೆ ಮೈಯುರಿಯದೆ ಇರುತ್ತದೆಯೆ? ಅವತ್ತೇ ಕೂತೆ.

ಆ ಲ್ಯಾಪ್‌ಟಾಪಿನಲ್ಲಿ ನಮ್ಮವ್ವ ಸಾಕಮ್ಮನ ಸೋಬಾನೆ ಪದಗಳಿದ್ದವು. ಒಟ್ಟು ಮುನ್ನೂರ ಹನ್ನೆರಡು. ಅವ್ವ ಹಾಡಿದಂತೆಲ್ಲ ಕೇಳಿಸಿಕೊಂಡು ನಾನೇ ಟೈಪ್ ಮಾಡಿದ್ದು. ಈಗ ಅವಳಿಗೆ ಮರೆವು. ಅರ್ಧ ಹಾಡಿ ನಿಂತುಬಿಡುತ್ತಾಳೆ. ಇನ್ನೊಂದು ಪ್ರತಿ ಪೆನ್‌ಡ್ರೈವ್‌ನಲ್ಲಿತ್ತು. ಲ್ಯಾಪ್‌ಟಾಪಿಗೆ ಹಾಕಲೆಂದು ಅವಸರದಲ್ಲಿ ಅದನ್ನೇ ಅಳಿಸಿ ಡೆಬಿಯನ್ ತುಂಬಿಸಿಕೊಂಡಿದ್ದೆ. ಎಂಥ ಕೆಲಸ ಮಾಡಿದೆ ಎಂದು ಹೊಳೆದಾಗ ಡೆಬಿಯನ್ ಹಾಕುವ ಕೆಲಸ ಶುರುವಾಗಿಬಿಟ್ಟಿತ್ತು.

ಡಿಸ್ಕಿನಲ್ಲಿ ಹಾಡುಗಳಿದ್ದ ಭಾಗ ಮುಟ್ಟಬಾರದು, ಉಬುಂಟು ಇದ್ದ ಭಾಗವನ್ನಷ್ಟೇ ಅಳಿಸಬೇಕು ಎಂದು ಮೂರು ಮೂರು ಸಲ ನೋಡಿ ಗುರುತು ಹಾಕಿದೆ. ಕೀಬೋರ್ಡ್ ಯಾವುದು ಎಂದು ಕೇಳಿತು, ಕನ್ನಡ ಎಂದೆ. ಪಾಸ್‌ವರ್ಡ್ ಕೇಳಿತು. ನಮ್ಮ ಮನೆಯಲ್ಲಿ ಹೊಸ ನೋಟ್‌ಬುಕ್ ತಂದರೂ ಮೊದಲು ಬರೆಯುವುದು ಮನೆದೇವರು ಮಾದಪ್ಪನ ಹೆಸರನ್ನೇ. ಅದನ್ನೇ ಹೊಡೆದೆ. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು.

ಲ್ಯಾಪ್‌ಟಾಪ್ ಮತ್ತೆ ಶುರುವಾಗಿ ಪಾಸ್‌ವರ್ಡ್ ಕೇಳಿತು. ಮಾದಪ್ಪನ ಹೆಸರು ಹೊಡೆದೆ. ತಪ್ಪು ಎಂದಿತು. ಏಳು ಸಲ ಹೊಡೆದೆ, ಏಳು ಸಲವೂ ತಪ್ಪು. ನಾಚಿಕೆ ಬಿಟ್ಟು ಅಮರ್‌ಗೆ ಫೋನ್ ಮಾಡಿದೆ.

"ಪೂರ್ತಿ ಫಾರ್ಮ್ಯಾಟ್ ಮಾಡ್ಬುಟ್ಟು ಹೊಸ್ದಾಗಿ ಹಾಕಿ ಅತ್ತೆ."

"ಅದ್ರಲ್ಲಿ ಅವ್ವನ ಹಾಡವೆ ಕಣೋ!"

"ಹೋದ್ರೆ ಹೋಗ್ಲಿ, ಅಜ್ಜಿ ಕೈಲಿ ಮತ್ತೆ ಹಾಡ್ಸುದ್ರಾಯ್ತು."

ಪಟ್ಟನೆ ಫೋನ್ ಇಟ್ಟೆ. ವಿದ್ಯಾರಣ್ಯಪುರಂನ ನಮ್ಮ ಮನೆಗೆ ವರ್ಷಕ್ಕೊಮ್ಮೆ ಬಂದುಹೋಗುವವನಿಗೆ ಅಜ್ಜಿಯ ಸ್ಥಿತಿ ಏನು ಗೊತ್ತು!

ಅವ್ವ ಬಾಗಿಲಲ್ಲಿ ನಿಂತಿದ್ದಳು. "ನನ್ ಪದ್ವೆಲ್ಲಾ ಓಗ್ಬುಟ್ವಾ ಮಗ?"

"ಎಲ್ಲೂ ಹೋಗಿಲ್ಲ ಕಣವ್ವ, ಒಳಗವೆ," ಎಂದೆ.

ಪರದೆಯನ್ನು ದುರುಗುಟ್ಟಿಕೊಂಡು ನೋಡುತ್ತ ಕೂತೆ. ಯಾವ ಅಕ್ಷರ ಹೊಡೆದರೂ ಕಾಣುವುದು ಕಪ್ಪು ಚುಕ್ಕಿಯೇ. ನಾನು ಹೊಡೆದದ್ದು ಏನೆಂದು ನನಗೇನು ಗೊತ್ತು? ಆಗ ಮೂಲೆಯಲ್ಲಿ en ಎಂಬ ಇಂಗ್ಲಿಷಿನ ಎರಡು ಸಣ್ಣ ಅಕ್ಷರ ಕಂಡವು. ಹಾಕುವಾಗ ಕೀಬೋರ್ಡ್ ಕನ್ನಡದಲ್ಲಿತ್ತು, ಇಲ್ಲಿ ಇಂಗ್ಲಿಷಿನಲ್ಲಿದೆ! ನನ್ನ ಬೆರಳು ಕನ್ನಡ ಹೊಡೆಯುತ್ತಿದ್ದರೆ ಅದಕ್ಕೆ ಸೇರುತ್ತಿದ್ದದ್ದು ಇಂಗ್ಲಿಷಿನ ಗೊಜ್ಜು. ಕೀಬೋರ್ಡನ್ನು ಕನ್ನಡಕ್ಕೆ ತಿರುಗಿಸಿ, ಮನಸ್ಸಿನಲ್ಲೇ ಉಘೇ ಮಾದಪ್ಪ ಎಂದು ಎಂಟನೆಯ ಸಲ ಹೊಡೆದೆ.

ತೆರೆದುಕೊಂಡಿತು. ಮುನ್ನೂರ ಹನ್ನೆರಡೂ ಇದ್ದವು, ಒಂದಕ್ಷರ ಕೊಂಕಿರಲಿಲ್ಲ. ಗೆದ್ದೆ! ಖುಷಿಗೆ ಅಳುವೇ ಬಂದುಬಿಟ್ಟಿತು.

ಮದುಮಗಳನ್ನು ಹಸೆಗೆ ಕರೆಯುವ ಪದ ತೆಗೆದು ಜೋರಾಗಿ ಓದಿದೆ. ಅವ್ವ ಸದಾ ನಿಂತುಬಿಡುತ್ತಿದ್ದ ಸಾಲು ಬಂತು. ಅವಳು ನಿಲ್ಲಲಿಲ್ಲ. ನನ್ನ ಓದನ್ನು ಹಿಂದೆ ಹಾಕಿ, ರಾಗವೆತ್ತಿ ಹಾಡಿಕೊಂಡೇ ಹೋದಳು. ನಾನು ಅಮರ್‌ಗೆ ಫೋನ್ ಹಚ್ಚಿ ಅವಳ ಮುಂದೆ ಹಿಡಿದೆ.

"ಅತ್ತೆ," ಎಂದ ಅವನು, ಮೆಲ್ಲಗೆ. "ಅಜ್ಜೀನ ನಿಲ್ಲುಸ್ಬೇಡಿ."

ನಿಲ್ಲಿಸುವವರು ಯಾರು? ಇನ್ನೂ ಮುನ್ನೂರ ಹನ್ನೊಂದು ಬಾಕಿ ಇದ್ದವು.